ವಾರ್ಡಿನ ಕೆಲಸವೇ ವೃತ್ತಿಯಾದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಡಾವಣೆಯ ಜನರನ್ನು ಒಟ್ಟು ಸೇರಿಸಿ ಚರಂಡಿ, ನೀರು, ಕಸ, ವ್ಯಾಪಾರದ ಜಾಗದಂಥ ವಿಷಯಗಳಲ್ಲಿ ಅವರ ಜೊತೆ ನಿಂತು ಕೆಲಸ ಮಾಡುವುದು ಹೇಗೆ, ಅದನ್ನೇ ವೃತ್ತಿಯಾಗಿ ಮಾಡಿಕೊಳ್ಳಬಹುದೇ ಎಂದು ಕೇಳಿ ಮಂಗಳೂರು, ಉಡುಪಿ ಕಡೆಯಿಂದ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಏಳಕ್ಕೆ ಈ ಸಂಚಿಕೆಯಲ್ಲಿ ಉತ್ತರ ಕೊಟ್ಟಿದ್ದೇವೆ.

ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಸಮುದಾಯದ ಕೆಲಸ ಇಷ್ಟ. ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎಂ.ಎಸ್.ಡಬ್ಲ್ಯೂ. ಮಾಡಲೇಬೇಕೇ? ಮನೆಯವರು "ಅದೆಲ್ಲ ಪುಣ್ಯದ ಕೆಲಸ, ಹೊಟ್ಟೆಪಾಡಿಗೆ ಆಗುವುದಿಲ್ಲ" ಎನ್ನುತ್ತಾರೆ.
— ವಿದ್ಯಾರ್ಥಿನಿ, ಉಡುಪಿ

ಕೆಲಸ ಕಲಿಯಲು ಪದವಿ ಬೇಡ, ಸಂಬಳದ ಹುದ್ದೆಗೆ ಅರ್ಜಿ ಹಾಕಲು ಬೇಕಾಗುತ್ತದೆ. 1897ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳ ಶಾಲೆ, ವಸತಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾವ್ ವೃತ್ತಿಯಲ್ಲಿ ವಕೀಲರು. ಆಗ ಸಮಾಜಕಾರ್ಯಕ್ಕೆ ಕೋರ್ಸೇ ಇರಲಿಲ್ಲ. ಈಗ ನಗರ ಸ್ಥಳೀಯ ಸಂಸ್ಥೆಗಳ ಸಮುದಾಯ ಸಂಘಟಕ ಹುದ್ದೆ, ಗ್ರಾಮೀಣ ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳ ಮೇಲ್ವಿಚಾರಣೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರ ಸಂಯೋಜಕರಂಥ ಕಡೆಗಳಲ್ಲಿ ಅರ್ಜಿ ನೋಡುವವರು ಸಾಮಾನ್ಯವಾಗಿ ಎಂ.ಎಸ್.ಡಬ್ಲ್ಯೂ. ಇದೆಯೇ ಎಂದು ಮೊದಲು ಕೇಳುತ್ತಾರೆ.

ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲೂ ಎರಡು ವರ್ಷದ ಎಂ.ಎಸ್.ಡಬ್ಲ್ಯೂ. ಇದೆ. ಎಲ್ಲಿ ಸೇರುವುದಾದರೂ ಮೊದಲೇ ಎರಡು ವಿಷಯ ಕೇಳಿಕೊಳ್ಳಿ. ವಾರಕ್ಕೆ ಎಷ್ಟು ದಿನ ಕ್ಷೇತ್ರಕಾರ್ಯಕ್ಕೆ ಕಳಿಸುತ್ತಾರೆ? ಒಂದೇ ಬಡಾವಣೆಯಲ್ಲಿ ಕನಿಷ್ಠ ಒಂದು ಸೆಮಿಸ್ಟರ್ ಪೂರ್ತಿ ಇರಲು ಬಿಡುತ್ತಾರೆಯೇ? ತಿಂಗಳಿಗೊಂದು ಸಂಸ್ಥೆ ಸುತ್ತಿಸಿದರೆ ವರದಿ ಬರೆಯಲು ಬರುತ್ತದೆ, ಜನರ ಜೊತೆ ಕೆಲಸ ಮಾಡಲು ಬರುವುದಿಲ್ಲ. ವಿಶೇಷ ವಿಷಯ ಆರಿಸುವಾಗ ಸಮುದಾಯ ಅಭಿವೃದ್ಧಿಯನ್ನೇ ತೆಗೆದುಕೊಳ್ಳಿ. ಹೆಚ್ಚಿನವರು ಕಂಪೆನಿಯ ಎಚ್.ಆರ್. ವಿಭಾಗ ಅಥವಾ ಆಸ್ಪತ್ರೆಯ ಕಡೆ ಹೋಗುವುದರಿಂದ ಇಲ್ಲಿ ಪೈಪೋಟಿಯೂ ಕಡಿಮೆ.

ಕೋರ್ಸಿನಲ್ಲಿ ಅಷ್ಟಾಗಿ ಕಲಿಸದ, ಆದರೆ ದಿನಾ ಬೇಕಾಗುವ ವಿದ್ಯೆಗಳೂ ಇವೆ: ತಪ್ಪಿಲ್ಲದ ಕನ್ನಡದಲ್ಲಿ ಒಂದು ಪುಟದ ಮನವಿ, ಸಭೆಯ ನಡಾವಳಿ, ಎಕ್ಸೆಲ್‌ನಲ್ಲಿ ಮನೆಪಟ್ಟಿ. ತುಳು ನಿಮಗೆ ಗೊತ್ತಿರಬಹುದು, ಬ್ಯಾರಿ ಅಥವಾ ಕೊಂಕಣಿಯನ್ನೂ ಮಾತಾಡುವಷ್ಟು ಕಲಿಯಿರಿ. ಮಂಗಳೂರಿನ ಒಂದೇ ಓಣಿಯಲ್ಲಿ ಮೂರು ಮನೆಮಾತು ಸಿಗುತ್ತವೆ. ಕಷ್ಟ ಹೇಳಿಕೊಳ್ಳುವಾಗ ಎಲ್ಲರಿಗೂ ಬೇಕಾಗುವುದು ಮನೆಮಾತೇ.

ತಗ್ಗು ಜಾಗದಲ್ಲಿ ನಮ್ಮ ಮನೆ. ಎರಡು ತಾಸು ಜೋರು ಮಳೆ ಬಂದರೆ ಓಣಿ ತುಂಬ ನೀರು. ಪ್ರತಿ ವರ್ಷ ಪಾಲಿಕೆಗೆ ಫೋಟೋ ಕಳಿಸುತ್ತೇವೆ, ಜೆಸಿಬಿ ಬಂದು ಹೋಗುತ್ತದೆ, ಮರುವರ್ಷ ಮತ್ತೆ ಅದೇ ಕತೆ. ಒಟ್ಟಾಗಿ ಹೋಗಿ ಎನ್ನುತ್ತಾರೆ. ಹೇಗೆ?
— ಗೃಹಿಣಿ, ಮಂಗಳೂರು

ಜುಲೈಯಲ್ಲಿ ಕೊಟ್ಟ ದೂರಿಗೆ ಜುಲೈಯಲ್ಲಿ ಮಾಡಬಹುದಾದ ಕೆಲಸ ಕಸ ಎತ್ತುವುದಷ್ಟೇ. ಚರಂಡಿ ಅಗಲಿಸಲು, ರಸ್ತೆಯಡಿಯ ಮೋರಿ ಬದಲಿಸಲು ಅಂದಾಜುಪಟ್ಟಿ ಆಗಬೇಕು, ಹಣ ಇಡಬೇಕು, ಟೆಂಡರ್ ಕರೆಯಬೇಕು. ಆರ್ಥಿಕ ವರ್ಷ ಏಪ್ರಿಲ್‌ಗೆ ಶುರುವಾಗುವುದರಿಂದ ನಿಮ್ಮ ಬೇಡಿಕೆ ನವೆಂಬರ್, ಡಿಸೆಂಬರ್‌ನಲ್ಲೇ ಎಂಜಿನಿಯರ್ ಮೇಜಿನ ಮೇಲಿರಬೇಕು. ನೀರು ಇಳಿದ ಮೇಲೆ ಜನರ ಸಿಟ್ಟೂ ಇಳಿಯುತ್ತದೆ, ಹೆಚ್ಚಿನ ಓಣಿಗಳ ಪ್ರಯತ್ನ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ವರ್ಷದ ಲೆಕ್ಕ ಹಾಕಿಕೊಂಡೇ ಕೆಲಸ ಶುರುಮಾಡಿ.

ಮಳೆಗಾಲದಲ್ಲಿ ದಾಖಲೆ ಮಾತ್ರ ಮಾಡಿ. ನೀರು ನಿಂತ ದಿನ ಪ್ರತಿ ಮನೆಯ ಗೋಡೆಗೆ ನೀರಿನ ಮಟ್ಟದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ನೀರಿಳಿದ ಮೇಲೆ ಅದರ ಮೇಲೆ ಆಯಿಲ್ ಪೇಂಟಿನಲ್ಲಿ ಗೆರೆ ಹಾಕಿ ತಾರೀಕು ಬರೆಯಿರಿ. ಹೊಸ್ತಿಲಿನಿಂದ ಆ ಗೆರೆಗೆ ಎಷ್ಟು ಎತ್ತರ ಎಂದು ಟೇಪಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡಿ. ಟೇಪ್ ಹಿಡಿದು ಫೋಟೋ ತೆಗೆಯಿರಿ. ನೀರು ಎಷ್ಟು ಹೊತ್ತಿಗೆ ಏರಿತು, ಎಷ್ಟು ಹೊತ್ತಿಗೆ ಇಳಿಯಿತು ಎಂಬುದನ್ನೂ ಬರೆಯಿರಿ. ನಿಧಾನವಾಗಿ ಇಳಿದರೆ ಎಲ್ಲೋ ಒಂದು ಕಡೆ ಕಟ್ಟಿಕೊಂಡಿದೆ ಎಂದು ಅನುಮಾನಿಸಬೇಕು. ಸಮುದ್ರದ ಭರತದ ಹೊತ್ತಿಗೇ ಏರಿ, ಇಳಿತಕ್ಕೆ ಇಳಿದರೆ ಹೂಳೆತ್ತಿದ ಮಾತ್ರಕ್ಕೆ ಪರಿಹಾರ ಸಿಗುವುದು ಕಷ್ಟ. ಎಂಜಿನಿಯರ್ ಮುಂದೆ ಈ ಎರಡು ಸಾಲಿಗೆ ನೂರು ಫೋಟೋಗಿಂತ ಹೆಚ್ಚು ತೂಕ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮನೆಭೇಟಿ. ಇಬ್ಬಿಬ್ಬರಾಗಿ ಹೋಗಿ, ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆಯಲಿ. ಒಂದು ಸಂಜೆಗೆ ಎಂಟು ಹತ್ತು ಮನೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಫಾರ್ಮ್ ತೆಗೆದೇ ಮಾತು ಶುರುಮಾಡಬಾರದು. ಕೂತು, ನೀರು ಬಂದಾಗ ಏನೇನು ಹಾಳಾಯಿತು ಎಂದು ಕೇಳಿ. ಕೊನೆಗೆ ಒಂದು ಸಣ್ಣ ಕೆಲಸ ಕೇಳಿಕೊಳ್ಳಿ: ಒಬ್ಬರು ಮಳೆಯ ಪುಸ್ತಕ ಇಟ್ಟುಕೊಳ್ಳಲಿ, ಇನ್ನೊಬ್ಬರ ಜಗಲಿಯಲ್ಲಿ ಸಭೆಯಾಗಲಿ, ಮತ್ತೊಬ್ಬರ ಮಗ ನಕ್ಷೆ ಬರೆಯಲಿ. "ನಮ್ಮ ಬೆಂಬಲ ಇದೆ" ಎಂದವರಿಗಿಂತ ಕೆಲಸ ಒಪ್ಪಿಕೊಂಡವರ ಪಟ್ಟಿಯೇ ನಿಮ್ಮ ನಿಜವಾದ ಸಂಘಟನೆ.

ಅಕ್ಟೋಬರ್‌ನಲ್ಲಿ ತೋಡಿನ, ಅಂದರೆ ಮಳೆನೀರು ಹರಿಯುವ ಸಣ್ಣ ಕಾಲುವೆಯ ಗುಂಟ ನಡೆಯಿರಿ. ನಿಮ್ಮ ಓಣಿಯಲ್ಲೇ ನಿಲ್ಲದೆ ನೀರು ಹೊಳೆಗೆ ಅಥವಾ ದೊಡ್ಡ ರಾಜಕಾಲುವೆಗೆ ಸೇರುವವರೆಗೂ ಹೋಗಿ. ತೊಂದರೆ ಕಾಣುವುದು ನಿಮ್ಮ ಮನೆಯ ಮುಂದೆ, ಕಾರಣ ಇರುವುದು ಹೆಚ್ಚಾಗಿ ಕೆಳಗಡೆ. ಮೋರಿಯ ಬಾಯಿಗೆ ಅಡ್ಡಲಾಗಿ ಹಾದ ನೀರಿನ ಪೈಪು ಅಥವಾ ಕೇಬಲ್‌ಗೆ ಪ್ಲಾಸ್ಟಿಕ್ ಸಿಕ್ಕಿ ಕಟ್ಟೆಯಂತಾಗುವುದು, ನಾಲ್ಕು ಅಡಿಯ ತೋಡು ಯಾರದೋ ಕಾಂಪೌಂಡಿನ ಪಕ್ಕ ಎರಡಡಿಯಾಗುವುದು, ಮೇ ತಿಂಗಳಲ್ಲಿ ಎತ್ತಿದ ಹೂಳನ್ನು ದಂಡೆಯಲ್ಲೇ ರಾಶಿ ಹಾಕಿ ಮೊದಲ ಮಳೆಗೇ ಅದು ವಾಪಸ್ ಜಾರುವುದು, ಇವು ಮೂರೂ ಮತ್ತೆ ಮತ್ತೆ ಕಾಣಸಿಗುತ್ತವೆ. ಪ್ರತಿ ಜಾಗದ ಅಗಲ, ಆಳ ಅಳೆದು ಕೈನಕ್ಷೆಯಲ್ಲಿ ನಂಬರ್ ಹಾಕಿ. ಆ ಜಾಗ ಯಾರ ಸುಪರ್ದಿಯಲ್ಲಿದೆ ಎಂದೂ ವಿಚಾರಿಸಿ. ಮೋರಿ ರಾಷ್ಟ್ರೀಯ ಹೆದ್ದಾರಿ 66ರ ಅಡಿಯಲ್ಲಿದ್ದರೆ ಮನವಿ ಹೆದ್ದಾರಿ ಪ್ರಾಧಿಕಾರಕ್ಕೂ ಹೋಗಬೇಕು. ಪಾಲಿಕೆಗೆ ಮಾತ್ರ ಬರೆದರೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾದೀತು.

ಇದೇ ಹೊತ್ತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. "ಯಾಕೆ ಚರಂಡಿ ಸರಿ ಮಾಡಿಲ್ಲ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕಾಯ್ದೆ ಕೊಡಿಸುವುದು ಕಡತದಲ್ಲಿರುವ ಕಾಗದವನ್ನು. "ಇಂಥ ರಸ್ತೆಯ ಚರಂಡಿಗೆ ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಮಾಡಿದ ಕಾಮಗಾರಿಗಳ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿಯಾದ ಬಿಲ್ಲುಗಳ ದೃಢೀಕೃತ ಪ್ರತಿ ಕೊಡಿ" ಎಂದು ಬರೆಯಿರಿ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಆಮೇಲಿನ 30 ದಿನದೊಳಗೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ, ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಮಾಡಿದ ಕಾಮಗಾರಿಯ ಅಳತೆಯನ್ನು ಎಂಜಿನಿಯರ್ ಬರೆದಿಡುವ ಅಳತೆ ಪುಸ್ತಕ ಕೈಗೆ ಬಂದಾಗ ನಿಮ್ಮ ಟೇಪಿನ ಅಳತೆಯ ಪಕ್ಕ ಇಟ್ಟು ನೋಡಿ.

ನವೆಂಬರ್‌ನಲ್ಲಿ ಮನವಿ. ಒಂದು ಪುಟ ಸಾಕು, ಬೇಡಿಕೆ ಎರಡೋ ಮೂರೋ ಇರಲಿ, ನಕ್ಷೆ ಮತ್ತು ಅಳತೆಯ ಪಟ್ಟಿ ಜೊತೆಗಿರಲಿ. ಸಹಿ ಹಾಕುವ ಪ್ರತಿ ಹಾಳೆಯ ತಲೆಯಲ್ಲೂ ವಿಷಯ ಬರೆದಿರಬೇಕು. ಖಾಲಿ ಹಾಳೆಗೆ ಸಹಿ ತೆಗೆದುಕೊಂಡರೆ ಅದನ್ನು ಯಾರೋ ಇನ್ಯಾವುದಕ್ಕೋ ಅಂಟಿಸುವ ಅಪಾಯವಿದೆ, ಒಮ್ಮೆ ಹಾಗಾದರೆ ಆ ಓಣಿಯಲ್ಲಿ ಮತ್ತೆ ಯಾರೂ ಪೆನ್ನು ಮುಟ್ಟುವುದಿಲ್ಲ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ನಂಬರ್ ಹಾಕಿಸಿಕೊಳ್ಳಿ. ಒಂದು ಪ್ರತಿ ವಾರ್ಡ್ ಸಮಿತಿಗೆ ಕೊಡಿ. ಪಾಲಿಕೆಯ 60 ವಾರ್ಡ್‌ಗಳಿಗೆ 1976ರ ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆಯಡಿ ಇಂಥ ಸಮಿತಿ ಇರಬೇಕು. ಕಾರ್ಪೊರೇಟರ್ ಅಧ್ಯಕ್ಷರಾಗಿರುತ್ತಾರೆ, ಸದಸ್ಯರಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಸ್ಥಾನ ಮೀಸಲು. ಚುನಾಯಿತ ಮಂಡಳಿ ಇಲ್ಲದ ಅವಧಿಯಾದರೆ ಆಯುಕ್ತರಿಗೆ, ಆಡಳಿತಾಧಿಕಾರಿಗೆ ನೇರವಾಗಿ ಕೊಡಿ.

ಏಪ್ರಿಲ್, ಮೇಯಲ್ಲಿ ಕೆಲಸ ನಡೆಯುವಾಗ ದಿನಕ್ಕೊಬ್ಬರು ಅಲ್ಲಿ ಇರಬೇಕು. ಎತ್ತಿದ ಹೂಳು ಲಾರಿ ಹತ್ತಿ ಹೋಗುವವರೆಗೂ ಆ ಕೆಲಸ ಮುಗಿದಂತಲ್ಲ.

ನಮ್ಮದು ಸಮುದ್ರ ಬದಿಯ ಗ್ರಾಮ. ಮಹಿಳೆಯರ ಸಭೆ ಕರೆದರೆ ಐದಾರು ಜನ ಬರುತ್ತಾರೆ, ಅವರೂ ಪ್ರತಿ ಸಲ ಅದೇ ಐದಾರು ಜನ.
— ಸ್ವಸಹಾಯ ಸಂಘದ ಕಾರ್ಯದರ್ಶಿ, ಉಡುಪಿ ಜಿಲ್ಲೆ

ಸಭೆಯ ಹೊತ್ತನ್ನು ಯಾರ ಅನುಕೂಲ ನೋಡಿ ಇಟ್ಟಿದ್ದೀರಿ? ಬೀಡಿ ಕಟ್ಟುವವರಿಗೆ ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡುವ ಹೊತ್ತು ಇರುತ್ತದೆ, ಅದಕ್ಕೆ ಮುಂಚೆ ಅವರು ಏಳುವಂತಿಲ್ಲ. ಮೀನು ಮಾರುವವರು ಬಂದರಿಗೆ ಹೊರಡುವುದು ಬೆಳಗ್ಗೆ ಬೇಗ. ಮನೆಗೆ ಬಂದು ಸ್ನಾನ, ಊಟ ಮುಗಿಸುವ ಮುಂಚೆ ಯಾವ ಸಭೆಗೂ ಬರಲಾರರು. ಪ್ರತಿ ಮನೆಯಲ್ಲಿ "ಯಾವ ಹೊತ್ತಿಗೆ ಅರ್ಧ ಗಂಟೆ ಪುರುಸೊತ್ತು?" ಎಂದು ಕೇಳಿ ಬರೆದುಕೊಳ್ಳಿ. ಎಲ್ಲರಿಗೂ ಒಂದೇ ಹೊತ್ತು ಹೊಂದದಿದ್ದರೆ ಎರಡು ಸಣ್ಣ ಸಭೆ ಮಾಡಿ. ದೈವದ ನೇಮ, ಕಂಬಳ, ಚರ್ಚಿನ ವಾರ್ಷಿಕ ಹಬ್ಬ, ರಂಜಾನ್ ಉಪವಾಸ ಯಾವಾಗ ಎಂದು ವರ್ಷದ ಆರಂಭದಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವ ದಿನಗಳಲ್ಲಿ ಬೋಟಿಗೆ ಹೋಗುವ ಗಂಡಸರೂ ಊರಲ್ಲಿರುತ್ತಾರೆ. ಇಡೀ ಮನೆಯವರನ್ನು ಒಟ್ಟಿಗೆ ಕೂರಿಸುವ ವಿಷಯವಿದ್ದರೆ ಆಗ ಇಟ್ಟುಕೊಳ್ಳಿ.

ಜಾಗವನ್ನೂ ನೋಡಬೇಕು. ಭಜನಾ ಮಂದಿರಕ್ಕೆ ಬರಲು ಕೆಲವರಿಗೆ ಸಂಕೋಚ, ಮದರಸದ ಹಾಲಿಗೆ ಬರಲು ಇನ್ನು ಕೆಲವರಿಗೆ. ಅಂಗನವಾಡಿಯೋ ಶಾಲೆಯ ಜಗಲಿಯೋ ಆದರೆ ಎಲ್ಲರೂ ಬರುತ್ತಾರೆ. ಸಭೆ ಮುಕ್ಕಾಲು ಗಂಟೆ ಮೀರಬಾರದು. ಮಾತು ತುಳುವಿನಲ್ಲೇ ಆಗಲಿ, ನಡಾವಳಿ ಮಾತ್ರ ಕನ್ನಡದಲ್ಲಿರಲಿ, ಬರೆದದ್ದನ್ನು ಏಳುವ ಮುಂಚೆ ಓದಿ ಹೇಳಿ. ಗ್ರಾಮಸಭೆ, ವಾರ್ಡ್ ಸಭೆಗಳನ್ನು ಪಂಚಾಯತ್ ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕು. ಅದಕ್ಕೆ ವಾರ ಮೊದಲೇ ನಿಮ್ಮ ಸಭೆ ನಡೆಸಿ, ಅಲ್ಲಿ ಯಾರು ಯಾವ ವಿಷಯ ಎತ್ತುವುದು ಎಂದು ಹಂಚಿಕೊಳ್ಳಿ. ಎಲ್ಲವನ್ನೂ ನೀವೊಬ್ಬರೇ ಮಾತಾಡಿದರೆ ಮುಂದಿನ ಸಲವೂ ಆ ಐದಾರು ಜನರೇ ಬರುವುದು.

ಬಡಾವಣೆಯ ಗುಂಪನ್ನು ನೋಂದಾಯಿಸಬೇಕು. ಟ್ರಸ್ಟ್ ಸುಲಭ ಎನ್ನುತ್ತಾರೆ. ದುಬೈ, ಲಂಡನ್‌ನಲ್ಲಿರುವ ಊರಿನವರು ಹಣ ಕಳಿಸಲು ತಯಾರಿದ್ದಾರೆ, ಪಡೆಯಬಹುದೇ?
— ನಿವೃತ್ತ ಶಿಕ್ಷಕರು, ಉಡುಪಿ

ಟ್ರಸ್ಟ್ ಸುಲಭ ಹೌದು. ಪತ್ರ ಬರೆಸಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರೆ ಆಯಿತು. ಆದರೆ ಟ್ರಸ್ಟಿನಲ್ಲಿ ತೀರ್ಮಾನ ಟ್ರಸ್ಟಿಗಳದ್ದು, ನೆರೆಹೊರೆಯವರಿಗೆ ಓಟಿಲ್ಲ. ಬಡಾವಣೆಯ ಹೆಸರಿನಲ್ಲಿ ಮಾತಾಡುವ ಗುಂಪಿಗೆ ಅದು ಹೊಂದುವುದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿ. ಕನಿಷ್ಠ ಏಳು ಜನ ಬೇಕು. ವರ್ಷಕ್ಕೊಮ್ಮೆ ಮಹಾಸಭೆ, ಲೆಕ್ಕಪರಿಶೋಧನೆ, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸುವುದು, ಇವನ್ನು ತಪ್ಪಿಸುವಂತಿಲ್ಲ. ಎರಡು ಮೂರು ವರ್ಷ ಬಿಟ್ಟು ಒಟ್ಟಿಗೆ ಕೊಡೋಣ ಎಂದುಕೊಂಡ ಸಂಘಗಳು ಬ್ಯಾಂಕಿನಲ್ಲಿ ಸಹಿದಾರರ ಹೆಸರು ಬದಲಿಸಲು ಹೋದಾಗ ಸಿಕ್ಕಿಹಾಕಿಕೊಳ್ಳುತ್ತವೆ. ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಅಧ್ಯಕ್ಷರ ಅವಧಿ ಎಷ್ಟು ವರ್ಷ, ಸತತ ಎಷ್ಟು ಅವಧಿ ಎಂದು ಮೊದಲೇ ಬರೆಸಿ.

ಹಣದ ವಿಷಯದಲ್ಲಿ ಎಚ್ಚರಿಕೆ ಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ದುಬೈಯಲ್ಲಿದ್ದರೂ ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಲಂಡನ್‌ನವರು ಬ್ರಿಟಿಷ್ ಪೌರತ್ವ ಪಡೆದಿದ್ದರೆ, ಕೈಯಲ್ಲಿ ಸಾಗರೋತ್ತರ ಭಾರತೀಯರಿಗೆ ಕೊಡುವ ಒ.ಸಿ.ಐ. ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬಾರದು. ಹಾಗಾಗಿ ದಾನಿಯ ಪಾಸ್‌ಪೋರ್ಟ್ ಪ್ರತಿ ತೆಗೆದುಕೊಂಡು ಕಡತದಲ್ಲಿಡಿ, ಕೇಳಲು ಸಂಕೋಚ ಬೇಡ. ಯಾರದೋ ಸ್ವಂತ ಮೊಬೈಲಿನ ಯು.ಪಿ.ಐ.ಗೆ ಚಂದಾ ಹಾಕಿಸುವ ರೂಢಿಯನ್ನು ಇಂದೇ ನಿಲ್ಲಿಸಿ. ಸಂಘದ ಹೆಸರಿನ ಪ್ಯಾನ್, ಸಂಘದ ಖಾತೆ, ಇಬ್ಬರ ಸಹಿ, ನಂಬರ್ ಇರುವ ರಸೀದಿ ಪುಸ್ತಕ ಮೊದಲು ಆಗಲಿ. ತೆರಿಗೆ ವಿನಾಯಿತಿಯ ನೋಂದಣಿ ಮಾಡಿಸಿದರೂ 2,000 ರೂಪಾಯಿ ಮೀರಿದ ನಗದು ದಾನಕ್ಕೆ ದಾನಿಗೆ ವಿನಾಯಿತಿ ಸಿಗುವುದಿಲ್ಲ.

ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿದೆ. 11 ತಿಂಗಳ ಕರಾರು ಎನ್ನುತ್ತಾರೆ. ಸೇರಲೇ?
— ಓದುಗರು, ಸುರತ್ಕಲ್

ಸೇರುವ ಮುಂಚೆ ಇಷ್ಟು ಕೇಳಿ. ಸಂಬಳ ಯಾವ ಯೋಜನೆಯ ಹಣದಿಂದ, ಆ ಯೋಜನೆ ಯಾವ ತಿಂಗಳಿಗೆ ಮುಗಿಯುತ್ತದೆ? ಮುಂದಿನ ಕಂತು ತಡವಾದರೆ ಸಂಬಳ ಕೊಡುವ ಮೀಸಲು ಹಣ ಇದೆಯೇ? ಸ್ಕೂಟರಿನ ಪೆಟ್ರೋಲ್, ಫೋನಿನ ಖರ್ಚು ಯಾರದು? ಭವಿಷ್ಯನಿಧಿ ಇದೆಯೇ? 20 ಜನ ನೌಕರರಿರುವ ಸಂಸ್ಥೆಗೆ ಅದು ಕಡ್ಡಾಯ. ನೇಮಕಾತಿ ಪತ್ರದಲ್ಲಿ ತೋರಿಸಿದ ಸಂಬಳದ ಒಂದು ಪಾಲನ್ನು "ದೇಣಿಗೆ"ಯಾಗಿ ಹಿಂದಕ್ಕೆ ಕೇಳಿದರೆ ಅಲ್ಲಿ ಕೂರಬೇಡಿ, ಎದ್ದು ಬನ್ನಿ. ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿ.ಎಸ್.ಆರ್.) ಹಣದಲ್ಲಿ ನಡೆಯುವ ಸಂಸ್ಥೆಯಾದರೆ ಇನ್ನೊಂದು ವಿಷಯ ತಿಳಿದಿರಲಿ. ಆ ಹಣ ಶಾಲೆಯ ಕಟ್ಟಡಕ್ಕೆ, ಆರೋಗ್ಯ ಶಿಬಿರಕ್ಕೆ ಸುಲಭವಾಗಿ ಬರುತ್ತದೆ, ಜನರ ಬೇಡಿಕೆಯ ಪರ ದನಿ ಎತ್ತುವ ಕೆಲಸಕ್ಕೆ ಬರುವುದು ಅಪರೂಪ.

ನಾವು ಸಭೆ ಮಾಡಿದರೆ ವಾರ್ಡಿನ ಸದಸ್ಯರು "ಎದುರು ಪಕ್ಷದವರು ಮಾಡಿಸಿದ್ದು" ಎಂದು ಪ್ರಚಾರ ಮಾಡುತ್ತಾರೆ.
— ಯುವಕ ಮಂಡಲದ ಸದಸ್ಯರು, ಉಡುಪಿ

ಸಭೆಗೆ ಮೊದಲೇ ಅವರಿಗೆ ಲಿಖಿತ ಆಹ್ವಾನ ಕೊಟ್ಟು ಪ್ರತಿಯ ಮೇಲೆ ಸಹಿ ಪಡೆಯಿರಿ. ಕಳೆದ ಚುನಾವಣೆಯಲ್ಲಿ ಸೋತವರಿಗೂ ಅದೇ ಪತ್ರ ಕೊಡಿ. ಬ್ಯಾನರಿನಲ್ಲಿ ಯಾವ ಮುಖಂಡರ ಫೋಟೋವೂ ಬೇಡ. ಪದಾಧಿಕಾರಿಗಳು ಪಕ್ಷದ ಹುದ್ದೆಯಲ್ಲಿರಬಾರದು ಎಂದು ಬೈಲಾದಲ್ಲೇ ಬರೆಯಬಹುದು. ಕೆಲಸ ಆದಾಗ ಅದನ್ನು ಮಾಡಿಸಿಕೊಟ್ಟ ಸದಸ್ಯರ, ಎಂಜಿನಿಯರರ ಹೆಸರು ಹೇಳಿ ವಂದಿಸಿ. ಆಗದಾಗ ಯಾವ ತಾರೀಕಿನ ಮನವಿ, ಯಾವ ನಂಬರ್ ಎಂಬುದನ್ನಷ್ಟೇ ಹೇಳಿ. ನಗರಸಭೆಯ 35 ವಾರ್ಡ್‌ಗಳಲ್ಲಿ ಯಾವ ಪಕ್ಷದ ಸದಸ್ಯರಿದ್ದರೂ ಈ ಕ್ರಮ ಬದಲಾಗಬಾರದು. ಚುನಾವಣಾ ನೀತಿಸಂಹಿತೆ ಜಾರಿಯಲ್ಲಿರುವಾಗ ಸಾರ್ವಜನಿಕ ಸಭೆ ಮುಂದೂಡುವುದು ಕ್ಷೇಮ, ಮನೆಭೇಟಿ ಮುಂದುವರಿಸಿ.

ಅಮ್ಮ ರಸ್ತೆ ಬದಿಯಲ್ಲಿ ಮೀನು ಮಾರುತ್ತಾರೆ. ಆಗಾಗ ಎಬ್ಬಿಸುತ್ತಾರೆ, ಮೀನಿನ ಬುಟ್ಟಿ ಒಯ್ಯುತ್ತಾರೆ. ಸಂಘಟನೆಯಿಂದ ಏನಾದರೂ ಆಗುತ್ತದೆಯೇ?
— ಪದವಿ ವಿದ್ಯಾರ್ಥಿ, ಮಂಗಳೂರು

ಆಗುತ್ತದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ನಿಮ್ಮ ಅಮ್ಮನಂಥವರಿಗಾಗಿಯೇ ಇದೆ. ಪಾಲಿಕೆ ಸಮೀಕ್ಷೆ ಮಾಡಿ ವ್ಯಾಪಾರದ ಪ್ರಮಾಣಪತ್ರ ಕೊಡಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸುವಂತಿಲ್ಲ. ಬೇರೆ ಜಾಗಕ್ಕೆ ಕಳಿಸುವುದಾದರೆ 30 ದಿನದ ನೋಟಿಸ್ ಬೇಕು. ಇದೇ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸ್ಥಾನ ವ್ಯಾಪಾರಿಗಳಿಂದಲೇ ಚುನಾಯಿತರಾದವರದ್ದು, ಅದರಲ್ಲಿ ಮೂರನೇ ಒಂದು ಪಾಲು ಮಹಿಳೆಯರದ್ದು. ಸಂಘಟನೆ ನೆರವಿಗೆ ಬರುವುದೇ ಇಲ್ಲಿ: ಆ ಸ್ಥಾನಕ್ಕೆ ಮೀನು ಮಾರುವವರಲ್ಲಿ ಒಬ್ಬರು ನಿಂತು ಗೆಲ್ಲಬೇಕು.

ಅದಕ್ಕೆ ಮೊದಲು, ಆ ರಸ್ತೆಯಲ್ಲಿ ಕೂರುವ ಎಲ್ಲರ ಪಟ್ಟಿ ಮಾಡಿ: ಹೆಸರು, ಎಷ್ಟು ವರ್ಷದಿಂದ, ಯಾವ ಹೊತ್ತಿಗೆ, ಎಷ್ಟು ಅಡಿ ಜಾಗ. ಹಳೆಯ ಸುಂಕದ ರಸೀದಿ ಇದ್ದರೆ ಪ್ಲಾಸ್ಟಿಕ್ ಕವರಿನಲ್ಲಿಡಿ, ಬುಟ್ಟಿಯ ನೀರು ತಾಗಿ ಅಕ್ಷರ ಅಳಿಸಿಹೋಗಿರುವುದೇ ಹೆಚ್ಚು. ಮತ್ತೆ ಬುಟ್ಟಿ ಒಯ್ಯಲು ಬಂದರೆ ಜಗಳಕ್ಕೆ ನಿಲ್ಲದೆ, ಒಯ್ಯುವ ಸಾಮಾನಿನ ಪಟ್ಟಿ ಬರೆದು ಸಹಿ ಹಾಕಿ ಕೊಡಿ ಎಂದು ಕೇಳಲು ಹೇಳಿ. ಪಟ್ಟಿ ಕೊಡುವುದು ಅವರ ಕರ್ತವ್ಯ. ಮೀನಿನಂಥ ಬೇಗ ಹಾಳಾಗುವ ವಸ್ತುವನ್ನು ಬಿಡಿಸಿಕೊಳ್ಳಲು ಹೋದ ದಿನವೇ ಹಿಂತಿರುಗಿಸಬೇಕು, ತಕ್ಕಡಿ, ಕೊಡೆಯಂಥ ಸಾಮಾನನ್ನು ಎರಡು ಕೆಲಸದ ದಿನದೊಳಗೆ. ಪಟ್ಟಿ ಕೊಡದಿದ್ದರೆ ವಾಹನದ ನಂಬರ್, ಹೊತ್ತು ಬರೆದುಕೊಂಡು ಅದೇ ದಿನ ಆಯುಕ್ತರ ಕಚೇರಿಯ ಟಪಾಲಿಗೆ ದೂರು ಕೊಡಿ, ನಾಲ್ಕೈದು ಜನ ಮೀನುಗಾರ ಮಹಿಳೆಯರೂ ಜೊತೆಗೆ ಬರಲಿ. ವಕೀಲರ ನೆರವು ಬೇಕಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಉಚಿತ, ಸಹಾಯವಾಣಿ 15100.